ಕೊಂಪಾದ್ರೆಗೆ ಕಟ್ಟಿಕೊಟ್ಟ ತಮಾಲೆ

ಕ್ರಿಸಾಂತಾ ಅಜ್ಜಿ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ಮಾಂಸದ ಕಡುಬಿನ, ಅಂದರೆ ತಮಾಲೆಯ, ವಾಸನೆಗೆ ಸತ್ತವರೂ ಎದ್ದು ಬರುತ್ತಾರೆ ಅಂತ ಸಾಂತಾ ರೀತಾ ಕೇರಿಯಲ್ಲಿ ಹೇಳುವುದುಂಟು. ಅದು ಸ್ವಲ್ಪ ಹೆಚ್ಚಾಯಿತು. ಎದ್ದು ಬಂದವನು ಒಬ್ಬನೇ, ಅವನೂ ಕುಡಿದು ಬಿದ್ದಿದ್ದನೇ ಹೊರತು ಪೂರ್ತಿ ಸತ್ತಿರಲಿಲ್ಲ. ಆದರೆ ಅದೇ ತಮಾಲೆಯಿಂದ ಅಜ್ಜಿ ಒಬ್ಬ ದೊಡ್ಡ ಮನುಷ್ಯನನ್ನು ನಡುಬೀದಿಯಲ್ಲಿ ಬರೀ ಚಡ್ಡಿಯಲ್ಲಿ ನಿಲ್ಲಿಸಿದಳಲ್ಲ, ಅದು ಮಾತ್ರ ಅಪ್ಪಟ ನಿಜ.

ಶುರುವಾದದ್ದು ಜನವರಿಯ ಮಳೆಯಲ್ಲಿ. ಅಜ್ಜಿಯ ಮೊಮ್ಮಗಳು ಮೀಲಾ, ನಾಲ್ಕು ವರ್ಷದ್ದು, ಗಿಣಿಯ ಹಾಗೆ ಮಾತಾಡುತ್ತಿದ್ದವಳು, ಕ್ರಿಸ್‌ಮಸ್ ಕಳೆದ ಮೇಲೆ ಮೆತ್ತಗಾದಳು. ಹೊಟ್ಟೆನೋವು ಅನ್ನುವಳು, ತಟ್ಟೆ ದೂಡುವಳು. ಒಂದು ದಿನ ಚಮಚ ಕೇಳಲು ಹೋಗಿ "ಅದು... ಅದು..." ಅಂತ ಬೆರಳು ತೋರಿಸಿ ಅತ್ತುಬಿಟ್ಟಳು. ಚಮಚ ಅನ್ನುವ ಮಾತೇ ಅವಳ ಬಾಯಿಂದ ಹೊರಟುಹೋಗಿತ್ತು. ಟಿವಿ ಜೋಡಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಸೊಸೆ ಅಂಪಾರೊ ರಜೆ ಹಾಕಿ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದಳು. ನರ್ಸು ರಕ್ತ ತೆಗೆದಳು. ಮುಂದಿನ ವಾರ ಕರೆಸಿ ಕೇಳಿದ್ದು ಒಂದೇ ಮಾತು: "ಇವಳಪ್ಪ ಎಲ್ಲಿ ಕೆಲಸ ಮಾಡ್ತಾನೆ?"

ಇವಳಪ್ಪ ಫಿದೆನ್ಸಿಯೊ, ಅಜ್ಜಿಯ ಒಬ್ಬನೇ ಮಗ, ಕೇರಿಯ ನೆತ್ತಿಯ ಮೇಲಿನ ದಿಬ್ಬದಲ್ಲಿ ಬ್ಯಾಟರಿ ಒಡೆಯುವ ಅಂಗಳದ ಮೇಸ್ತ್ರಿ. ಆ ಕಡೆ, ಅಂದರೆ ಗಡಿಯ ಕಬ್ಬಿಣದ ಬೇಲಿಯಾಚೆ, ಕಾರುಗಳ ಬ್ಯಾಟರಿ ಸತ್ತರೆ ಹೆಣ ಮಾತ್ರ ಲಾರಿ ಹತ್ತಿ ಈ ಕಡೆ ತಿಹ್ವಾನಾಕ್ಕೆ ಬರುತ್ತಿತ್ತು. ಇಲ್ಲಿ ಕೊಡಲಿಯಲ್ಲಿ ಒಡೆದು, ಒಳಗಿನ ಸೀಸ ಕರಗಿಸಿ ಗಟ್ಟಿ ಮಾಡುವುದು. ಗಟ್ಟಿಗಳು ವಾಪಸ್ ಆ ಕಡೆ. ಬೂದಿ ಈ ಕಡೆ. ಬೂದಿಯ ಗುಡ್ಡ ಎಷ್ಟು ಬೆಳೆದಿತ್ತೆಂದರೆ ಸಾಂತಾ ರೀತಾದಲ್ಲಿ ಸೂರ್ಯ ಅರ್ಧ ಗಂಟೆ ತಡವಾಗಿ ಹುಟ್ಟುತ್ತಿದ್ದ, ಕೋಳಿಗಳು ಗಲಿಬಿಲಿಯಾಗಿ ಕೂಗುವುದನ್ನೇ ಬಿಟ್ಟಿದ್ದವು. ಮಳೆ ಬಂದರೆ ಅದೇ ಬೂದಿ ಹಳೇ ಟೈರುಗಳ ಮೆಟ್ಟಿಲಿಳಿದು ಅಜ್ಜಿಯ ಅಂಗಳಕ್ಕೆ ಬಂದು ಕೂರುತ್ತಿತ್ತು.

ಆ ರಾತ್ರಿಯ ಊಟಕ್ಕೆ ಬೀನ್ಸ್ ಇತ್ತು, ಅದರ ಮೇಲೆ ಜಗಳವೂ ಇತ್ತು.

"ಸೀಸ ಅಂತೆ," ಅಂದಳು ಅಂಪಾರೊ, ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ. "ಮಗೂ ರಕ್ತದಲ್ಲಿ ಸೀಸ. ನಿನ್ ಬಟ್ಟೇಲಿ ಮನೇಗ್ ಬಂದಿರೋದು. ನಿನ್ ಪ್ಯಾಂಟೂ ಅವಳ ಲಂಗಾನೂ ಒಂದೇ ಕಲ್ಲಲ್ಲಿ ಒಗೀತೀವಲ್ಲ, ಹಂಗೆ."

"ನಾನೂ ದಿನಾ ಅಲ್ಲೇ ಉಸಿರಾಡ್ತೀನಿ. ನಂಗೇನಾಗಿದೆ?"

"ನಿಂಗೆ ಮೊದ್ಲಿಂದ್ಲೂ ತಲೇಲಿ ಸೀಸಾನೇ ತುಂಬಿತ್ತು, ಅದಕ್ಕೇ ಗೊತ್ತಾಗ್ಲಿಲ್ಲ. ನಾಳೆಯಿಂದ ಹೋಗ್ಬೇಡ."

"ಹೋಗ್ದೆ? ದೋನ್ ಬಾಲ್ದೊಮೇರೊಗೆ ಏನಂತ ಹೇಳ್ಲಿ? ಇಗರ್ಜಿಲಿ ಮಗೂನ ಎತ್ಕೊಂಡು ನಿಂತ್ಕೊಂಡೋರು ಕಣೆ ಅವ್ರು. ನಮ್ ಕೊಂಪಾದ್ರೆ! ಕೊಂಪಾದ್ರೆ ಮೇಲೆ ದೂರು ಹೇಳ್ತಾರಾ ಯಾರಾದ್ರೂ?"

ಅಂಗಳದ ಯಜಮಾನ ಬಾಲ್ದೊಮೇರೊನೇ ಮೀಲಾಳ ಜ್ಞಾನಸ್ನಾನದ ತಂದೆ. ಹಾಗಾಗಿ ಮನೆಮಂದಿಗೆಲ್ಲ ಕೊಂಪಾದ್ರೆ. ರಕ್ತಸಂಬಂಧಿಯ ಜೊತೆ ಬೇಕಾದರೆ ಕೋರ್ಟಿಗೆ ಹೋಗಬಹುದು, ಕೊಂಪಾದ್ರೆಯ ಜೊತೆ ಕೂಡದು. ಬೈಯಬಾರದು, ಅವನ ಮನೆಯದು ತಿನ್ನಲಾರೆ ಅನ್ನಬಾರದು. ಅಲ್ಲಿನ ಕ್ರಮವೇ ಹಾಗೆ.

"ಯಾರು ಹೋಗಿ ಕರ್ಕೊಂಡ್ ಬಂದಿದ್ದೋ ಆ ಕೊಂಪಾದ್ರೆನ!" ಅಂಪಾರೊ ಅತ್ತೆಯ ಬೆನ್ನು ನೋಡಿ ಹೇಳಿದಳು. "ಕೋಟು ಹಾಕಿದ್ದಾನೆ, ಆ ಕಡೆ ಮನೆ ಇದೆ, ಹುಲ್ಲಿನ ಅಂಗಳ ಇದೆ ಅಂತ ಕುಣ್ಕೊಂಡು ಹೋಗಿದ್ರು."

ಅಜ್ಜಿ ಕಾವಲಿಯ ಮೇಲಿನ ರೊಟ್ಟಿ ತಿರುವಿದಳು. ಅವಳು ಬೆರಳಲ್ಲೇ ತಿರುವುತ್ತಿದ್ದಳು. ಆ ದಿನ ಬೆರಳು ಸುಟ್ಟುಕೊಂಡಳು.

ಮಾರನೆಯ ದಿನ ಶಾಲು ಹೊದ್ದು ದಿಬ್ಬ ಹತ್ತಿದಳು. ಬಾಲ್ದೊಮೇರೊ ಕುರ್ಚಿ ಹಾಕಿಸಿದ, ಸೋಡಾ ತರಿಸಿದ. ಅವನು ಮಾತಿಗೆ ಮೊದಲು ನಗುವ ಜಾತಿ.

"ಕೊಂಪಾದ್ರೆ, ಮಗೂಗೆ ಹುಷಾರಿಲ್ಲ. ಈ ಬೂದಿಯಿಂದಂತೆ."

"ಅಯ್ಯೋ ದೋನ್ಯಾ ಕ್ರಿಸಾಂತಾ! ಯಾರೋ ನರ್ಸ್ ಹುಡ್ಗಿ ಹೇಳಿದ್ಲಾ? ಇದು ಬರೀ ಬೂದಿ. ನಿಮ್ಮನೆ ಒಲೇಲಿರಲ್ವಾ, ಅದೇ."

"ಅದು ಯಾವಾಗ ವಾಪಸ್ ಹೋಗುತ್ತೆ? ಆ ಕಡೆ ಮಾಲಿನ ಕಸ ಆ ಕಡೆಗೇ ಹೋಗ್ಬೇಕು ಅಂತ ಕಾನೂನಿದೆಯಂತೆ."

"ಹೋಗುತ್ತೆ, ಹೋಗುತ್ತೆ. ಮುಂದಿನ ತಿಂಗ್ಳು." ಒಂದು ಗೊಂಬೆ ತರಿಸಿ ಅವಳ ಕೈಗಿಟ್ಟ. "ಮೀಲಾಗೆ ಕೊಡಿ. ಸೀಬೆಹಣ್ಣು ತಿನ್ಸಿ, ರಕ್ತ ಶುದ್ಧಿಯಾಗುತ್ತೆ."

ಇಳಿಯುವಾಗ ಅಜ್ಜಿ ಕಂಡಳು: ಬಾಲ್ದೊಮೇರೊ ಕಾರಿನ ಬಳಿ ನಿಂತು ಬೂಟು ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ, ಅಂಗಿ ಬಿಚ್ಚಿ ಇನ್ನೊಂದು ಚೀಲಕ್ಕೆ ಹಾಕಿದ, ಕೈ ಮುಖ ಉಜ್ಜಿ ತೊಳೆದ, ಹೊಸ ಅಂಗಿ ಹೊಸ ಬೂಟು ಹಾಕಿಕೊಂಡು ಕಾರು ಹತ್ತಿದ. ಒಲೆಯ ಬೂದಿಗೆ ಯಾರೂ ಹಾಗೆ ಮಾಡುವುದಿಲ್ಲ. ಅಜ್ಜಿ ಗೊಂಬೆಯನ್ನು ಮೋರಿಗೆ ಎಸೆದಳು. ಅಲ್ಲಿಂದ ಮನೆಯವರೆಗೂ ನಗುನಗುತ್ತಾ ಬಂದಳು, ಎದುರಿಗೆ ಸಿಕ್ಕ ನಾಯಿಗಳು ಹೆದರಿ ದಾರಿ ಬಿಟ್ಟವು.

ಅಜ್ಜಿಯ ವ್ಯಾಪಾರ ಗಡಿ ದಾಟುವ ಕಾರುಗಳ ಸಾಲಿನಲ್ಲಿ. ಕಾರುಗಳು ಗಂಟೆಗಟ್ಟಲೆ ಬಸವನಹುಳದ ಹಾಗೆ ತೆವಳುತ್ತವೆ, ಅವುಗಳ ನಡುವೆ ಕೇರಿಯ ಅರ್ಧ ಜನ ತಮಾಲೆ, ಕಾಫಿ, ಕಂಬಳಿ, ಶಿಲುಬೆ ಮಾರುತ್ತಾರೆ. ಪಕ್ಕದಲ್ಲೇ ಬೇಗದ ಸಾಲು. ಅದಕ್ಕೆ ಆ ಕಡೆಯ ಸರ್ಕಾರದ ಕಾರ್ಡು ಬೇಕು. ಕಾರ್ಡಿದ್ದವನು ಒಂದು ಸಿಗರೇಟು ಮುಗಿಯುವುದರೊಳಗೆ ದಾಟಿಬಿಡುತ್ತಾನೆ. ಆದರೆ ಒಂದೇ ಒಂದು ತಪ್ಪು ಮಾಡಿದರೂ ಕಾರ್ಡು ಹೋಯಿತು. ಒಂದು ಸೀಬೆಹಣ್ಣು ಹೇಳದೆ ಒಯ್ದು ಕಾರ್ಡು ಕಳೆದುಕೊಂಡ ಹಲ್ಲಿನ ಡಾಕ್ಟರು ಸಾಲಿನಲ್ಲಿ ಕೂತು ಅತ್ತದ್ದನ್ನು ಅಜ್ಜಿ ಕಣ್ಣಾರೆ ಕಂಡಿದ್ದಳು. ಹಂದಿ ಮಾಂಸಕ್ಕಂತೂ ಮಾಫಿಯೇ ಇಲ್ಲ.

ಬಾಲ್ದೊಮೇರೊ ದಿನವೂ ಬೇಗದ ಸಾಲಿನಲ್ಲಿ ಕೈ ಬೀಸುತ್ತಾ ಹೋಗುತ್ತಿದ್ದ.

ಫೆಬ್ರವರಿ ಎರಡನೇ ತಾರೀಕು ಕಂದೆಲಾರಿಯಾ ಹಬ್ಬ. ಆ ದಿನ ತಮಾಲೆ ಹಂಚದ ಮನೆಯಿಲ್ಲ. ಅಜ್ಜಿ ಹಿಂದಿನ ಸಂಜೆಯೇ ಜೋಳದ ಹಿಟ್ಟಿಗೆ ಕೊಬ್ಬು ಹಾಕಿ ನಾದಲು ಕೂತಳು. ಹಂದಿ ಮಾಂಸ ಕೆಂಪು ಮೆಣಸಿನಲ್ಲಿ ಕೊತಕೊತ ಕುದಿಯುತ್ತಿತ್ತು.

"ಇದೆಲ್ಲಾ ಯಾರಿಗೆ?" ಅಂಪಾರೊ ಬಾಗಿಲಲ್ಲಿ ನಿಂತಳು.

"ಕೊಂಪಾದ್ರೆಗೆ."

"ಯಾವ ಕೊಂಪಾದ್ರೆಗೆ?"

"ಇರೋನು ಒಬ್ನೇ ಅಲ್ವೇನೆ."

ಅಂಪಾರೊಳ ಮುಖ ಮೆಣಸಿಗಿಂತ ಕೆಂಪಾಯಿತು. "ನಮ್ಮಗೂಗೆ ವಿಷ ಹಾಕಿದೋನಿಗೆ ಹಬ್ಬದೂಟ ಕಳಿಸ್ತೀರಾ? ನಾಚಿಕೆ ಇಲ್ವಾ ನಿಮ್ಗೆ?"

"ಕೂಗ್ಬೇಡ! ಆಚೆ ಹೋಗು. ಕೋಪ ಮಾಡ್ಕೊಂಡೋರು ಇದ್ರೆ ತಮಾಲೆ ಹಸೀ ಉಳ್ಕೊಳುತ್ತೆ."

ಅದು ಎಲ್ಲರಿಗೂ ಗೊತ್ತಿರುವ ವಿಷಯ. ಅಡುಗೆಮನೆಯಲ್ಲಿ ಸಿಟ್ಟಿದ್ದರೆ ತಮಾಲೆ ಬೇಯುವುದಿಲ್ಲ, ದಿನವಿಡೀ ಹಬೆ ಕೊಟ್ಟರೂ ಹಿಟ್ಟು ಹಿಟ್ಟಾಗಿಯೇ ಇರುತ್ತದೆ. ಅಜ್ಜಿ ಹಂಡೆಯ ಕಿವಿಗಳಿಗೆ ಜೋಳದ ಸಿಪ್ಪೆಯ ಕುಚ್ಚು ಕಟ್ಟಿದಳು, ದೃಷ್ಟಿಯಾಗದಿರಲಿ ಅಂತ. ಆಮೇಲೆ ಹಾಡಿದಳು. ಸೊಂಟಕ್ಕೆ ಕೈಕೊಟ್ಟು ಹಂಡೆಯ ಸುತ್ತ ಕುಣಿದಳು. ಸೇಡಿನ ಅಡುಗೆಯನ್ನು ಸಂತೋಷದಿಂದ ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಅಂಪಾರೊ ಅಷ್ಟು ಹೊತ್ತಿಗೆ ಮಗುವಿನ ಬಟ್ಟೆ ಚೀಲಕ್ಕೆ ತುರುಕುತ್ತಿದ್ದಳು.

"ಎಲ್ಲಿಗೆ?" ಅಂದ ಫಿದೆನ್ಸಿಯೊ.

"ಎನ್ಸೆನಾದಾಗೆ, ನಮ್ಮಕ್ಕನ ಮನೇಗೆ. ಅಲ್ಲಿ ಸಮುದ್ರ ಇದೆ, ಮೀನಿದೆ. ಬೂದಿ ಇಲ್ಲ, ಕೊಂಪಾದ್ರೆ ಇಲ್ಲ, ಕುಣಿಯೋ ಅತ್ತೇನೂ ಇಲ್ಲ."

"ಅಮ್ಮಾ, ಏನಾದ್ರೂ ಹೇಳಮ್ಮ ಅವಳಿಗೆ!"

ತನ್ನ ಉಪಾಯ ಹೇಳಿಬಿಡೋಣ ಅನ್ನಿಸಿತು ಅಜ್ಜಿಗೆ. ಹೇಳಿದರೆ ಸೊಸೆ ಅಕ್ಕಪಕ್ಕ ಹೇಳುತ್ತಾಳೆ, ಮಗ ಯಜಮಾನನ ಮುಂದೆ ಬೆವರುತ್ತಾನೆ. "ಹೋಗ್ಲಿ ಬಿಡು," ಅಂದಳು. "ಮಗೂಗೆ ಸಮುದ್ರದ ಗಾಳಿ ಒಳ್ಳೇದು." ಮತ್ತೆ ಹಾಡು ಶುರುಮಾಡಿದಳು. ಈ ಸಲ ಹಾಡಿನಲ್ಲಿ ಶ್ರುತಿ ಇರಲಿಲ್ಲ, ಆದರೂ ತಮಾಲೆ ಬೆಂದವು.

ಮಾರನೆಯ ಮಧ್ಯಾಹ್ನ ಬಿಸಿಬಿಸಿ ಗಂಟು ಹೊತ್ತು ದಿಬ್ಬ ಹತ್ತಿದಳು. ಆಳುಗಳೆಲ್ಲ ನೋಡುತ್ತಿರುವಾಗಲೇ, "ಕೊಂಪಾದ್ರೆ, ನಮ್ಮನೆ ಹಬ್ಬದ ತಮಾಲೆ, ನಿಮ್ಮ ಹೆಂಡ್ತಿಗೆ," ಅಂದಳು. ಆಳುಗಳ ಮುಂದೆ ಕೊಂಪಾದ್ರೆ ಊಟ ಬೇಡ ಅನ್ನುವುದುಂಟೇ? ಬಾಲ್ದೊಮೇರೊ ನಕ್ಕು ಗಂಟನ್ನು ಕಾರಿನ ಹಿಂದಿನ ಡಿಕ್ಕಿಗೆ ಹಾಕಿದ. ದಾರಿಯಲ್ಲಿ ಎಲ್ಲಾದರೂ ಎಸೆದರಾಯಿತು ಅಂತ ಅವನ ಲೆಕ್ಕ. ಆಗ ಅಜ್ಜಿ ಮುಂದಿನ ಬಾಗಿಲು ತೆಗೆದು ಕೂತೇಬಿಟ್ಟಳು.

"ನಾನೂ ಸಾಲಿಗೇ ಹೋಗ್ಬೇಕು. ಕಾಲು ನೋವು ಕೊಂಪಾದ್ರೆ, ಬಿಡ್ತೀರಲ್ಲ?"

ದಾರಿಯುದ್ದಕ್ಕೂ ಅಜ್ಜಿ ಮಾತು ನಿಲ್ಲಿಸಲಿಲ್ಲ. ಯಾರ ಮದುವೆ, ಯಾರ ಮಂಡಿನೋವು, ಯಾರ ಹಂದಿ ಮರಿ ಹಾಕಿತು. ಕಾರು ನಿಲ್ಲಿಸಲು ಅವನಿಗೆ ಒಂದು ನೆಪವೂ ಸಿಗಲಿಲ್ಲ. ಬೇಗದ ಸಾಲಿನ ಬಾಯಲ್ಲಿ ಇಳಿದು ಅಜ್ಜಿ ಅವನ ಹಣೆಗೆ ಶಿಲುಬೆ ಗೀಚಿ ಆಶೀರ್ವಾದ ಮಾಡಿದಳು. ಹಿಂದಿನ ಕಾರು ಹಾರನ್ ಒತ್ತಿತು. ಒಳಗೆ ಹೋದ ಮೇಲೆ ತಿರುಗಲು ಜಾಗವಿಲ್ಲ.

ಅಧಿಕಾರಿ ಕೇಳಿದ, "ಏನಾದ್ರೂ ತಗೊಂಡ್ ಬರ್ತಿದ್ದೀರಾ?" ವರ್ಷಗಳಿಂದ ದಿನಾ ಹೇಳಿದ ಬಾಯಿ, ಈಗಲೂ ಅದೇ ಹೇಳಿತು. "ಏನೂ ಇಲ್ಲ."

ಅಲ್ಲಿಗೆ ಅವರ ಮೂಸುವ ನಾಯಿ ಬಂತು. ನೋಡಿದವರು ಹೇಳುತ್ತಾರೆ, ಅದು ಮೂರು ಕಾರುಗಳ ಮೇಲಿಂದ ಹಾರಿ ಬಂತಂತೆ. ಡಿಕ್ಕಿ ತೆಗೆದಾಗ ಆ ನಾಯಿ ಬೊಗಳಲಿಲ್ಲ, ಕೂತು ಕೈಮುಗಿಯಿತಂತೆ.

ಬಾಲ್ದೊಮೇರೊನ ಕಾರ್ಡು ಹೋಯಿತು.

ಮರುದಿನದಿಂದ ಅವನು ಎಲ್ಲರ ಹಾಗೆ ದೊಡ್ಡ ಸಾಲಿನಲ್ಲಿ. ಸಾಲಿನಲ್ಲಿ ಸಿಕ್ಕಿದ ಕಾರು ಮುಂದೆ ಹೋಗದು, ಹಿಂದೆ ಬರದು. ಸಾಂತಾ ರೀತಾದ ಜನರಿಗೆ ಅಜ್ಜಿ ಹೇಳಿ ಇಟ್ಟಿದ್ದಳು. ಯಾರೂ ಅವನಿಗೆ ಕಾಫಿ ಮಾರಲಿಲ್ಲ, ನೀರು ಮಾರಲಿಲ್ಲ. ಗಾಜು ಒರೆಸುವ ಹೆಂಗಸರು ಮಾತ್ರ ಸುತ್ತಿಕೊಂಡರು. ಅಜ್ಜಿ ತಾನೇ ಮೊಣಕೈವರೆಗೆ ರಬ್ಬರ್ ಗ್ಲೌಸ್ ಏರಿಸಿ, ಮೂಗಿಗೆ ಬಟ್ಟೆ ಕಟ್ಟಿ, ಬೂದು ಬಣ್ಣದ ನೀರಿನ ಬಕೆಟ್ ಹಿಡಿದು ಬಂದಳು.

"ಗಾಜು ಒರೆಸ್ಲಾ ಕೊಂಪಾದ್ರೆ?"

"ಏನದು ನೀರಿನಲ್ಲಿ?"

"ನಿಮ್ದೇ. ದಿಬ್ಬದಿಂದ ನಮ್ಮಂಗಳಕ್ಕೆ ಇಳಿದು ಬಂದಿದ್ದು."

ಬಾಲ್ದೊಮೇರೊ ಗಾಜು ಏರಿಸಿದ. ಗಾಳಿ ಬರುವ ಕಿಂಡಿಗಳನ್ನೆಲ್ಲ ಮುಚ್ಚಿದ, ಕರವಸ್ತ್ರ ಬಾಯಿಗೊತ್ತಿದ. ಅಜ್ಜಿ ಗಾಜಿಗೆ ಮುಖ ತಾಗಿಸಿ ಕೂಗಿದಳು, "ಯಾಕ್ ಹೆದರ್ತೀರಾ? ಒಲೆ ಬೂದಿ ಅಂದಿದ್ರಲ್ಲ!"

ನಿಜ ಹೇಳಬೇಕೆಂದರೆ ಬಕೆಟ್‌ನಲ್ಲಿದ್ದದ್ದು ಒಲೆಯ ಬೂದಿಯೇ. ಅಕ್ಕಪಕ್ಕದವರ ಮೇಲೆ ಸೀಸ ಎರಚುವಷ್ಟು ಅಜ್ಜಿಗೆ ತಲೆ ಕೆಟ್ಟಿರಲಿಲ್ಲ. ಆದರೆ ಅದು ಬಾಲ್ದೊಮೇರೊಗೆ ಹೇಗೆ ಗೊತ್ತಾಗಬೇಕು? ವಾರಗಟ್ಟಲೆ ದಿನವೂ ಅವನು ಮುಚ್ಚಿದ ಕಾರಿನಲ್ಲಿ ಬೆವರಿ ಬೆವರಿ, ಹೋಗುವಾಗ ದಪ್ಪಗಿದ್ದವನು ಮನೆ ಮುಟ್ಟುವಾಗ ಸಣ್ಣಗಾಗಿರುತ್ತಿದ್ದನಂತೆ. ಪೂರ್ವದ ಇನ್ನೊಂದು ಗೇಟಿಗೆ ಹೋದ. ಅಲ್ಲಿ ಅಜ್ಜಿಯ ತಂಗಿಯ ಮಕ್ಕಳು ಬಕೆಟ್ ಹಿಡಿದು ಕಾಯುತ್ತಿದ್ದರು.

ಒಂದು ಸಂಜೆ ಫಿದೆನ್ಸಿಯೊ ಊಟಕ್ಕೆ ಕೂತು ತಟ್ಟೆ ಮುಟ್ಟಲಿಲ್ಲ. ಮೀಲಾಳ ಪುಟ್ಟ ಕುರ್ಚಿ ಖಾಲಿಯಿತ್ತು.

"ದೋನ್ ಬಾಲ್ದೊಮೇರೊ ಅಂಗಳ ಮುಚ್ತಾರಂತೆ ಅಮ್ಮ. ಮೆಹಿಕಾಲಿ ಕಡೆ ಹೊಸದು ತೆಗೀತಾರಂತೆ. ನನ್ನೂ ಬಾ ಅಂದ್ರು."

"ಗುಡ್ಡ?"

"ಅದು ಇಲ್ಲೇ. ಅವರ ಮಾತು ಕೇಳ್ಬೇಕಿತ್ತು ನೀನು. 'ಅಲ್ಲಿರೋರಿಗೆ ಅಭ್ಯಾಸ ಆಗಿದೆ ಬಿಡು ಫಿದೆನ್ಸಿಯೊ' ಅಂದ್ರು. ನನ್ ಹತ್ರಾನೇ ಅಂದ್ರು."

"ನೀನೇನಂದೆ?"

"ಆಯ್ತು ಸ್ವಾಮಿ ಅಂದೆ."

ಅಜ್ಜಿ ರೊಟ್ಟಿಯ ಬುಟ್ಟಿಯನ್ನು ಎಳೆದುಕೊಂಡಳು. "ಹಂಗಾದ್ರೆ ಮೆಹಿಕಾಲಿಲೇ ತಿನ್ನು ಹೋಗು."

"ಪೂರ್ತಿ ಕೇಳಮ್ಮ. ಆಯ್ತು ಅಂದೆ, ಸಂಜೆ ಅವರು ಹೋದ್ಮೇಲೆ ಗೇಟಿಗೆ ಬೀಗ ಹಾಕ್ದೆ. ಸೀಸದ ಗಟ್ಟಿ ಎಲ್ಲಾ ಒಳಗಿದೆ. ಆಳುಗಳು ಗೇಟ್ ಮುಂದೆ ಚಾಪೆ ಹಾಕ್ಕೊಂಡ್ ಕೂತಿದಾರೆ. ಮೊದ್ಲು ಬೂದಿ ಲಾರಿ ಆಚೆ, ಆಮೇಲೆ ಗಟ್ಟಿ ಲಾರಿ."

ಅಜ್ಜಿ ಬುಟ್ಟಿ ವಾಪಸ್ ತಳ್ಳಿದಳು. ಮೇಲಿಂದ ಚೀಸ್ ತುರಿದಳು. "ತಿನ್ನು ಮಗನೆ. ನಂದೂ ಒಂದು ಮಾತು ಸೇರ್ಸು. ಅವನೂ ಸಲಿಕೆ ಹಿಡೀಬೇಕು."

ಬಾಲ್ದೊಮೇರೊ ಪೊಲೀಸರನ್ನು ಕರೆಸಿದ. ಬಂದ ಪೊಲೀಸನ ಅತ್ತೆ ಮನೆ ಅದೇ ಕೇರಿಯಲ್ಲಿತ್ತು, ಅವನು ಸುಮ್ಮನೆ ಟೋಪಿ ಸರಿಮಾಡಿಕೊಂಡು ಹೋದ. ಆ ಕಡೆ ಗಟ್ಟಿಗೆ ಕಾದಿದ್ದವರು ಫೋನಿನ ಮೇಲೆ ಫೋನು ಮಾಡಿದರು, ಕೊನೆಗೆ ಅವನು ಎರಡೂ ಕರಾರಿಗೆ ಒಪ್ಪಿದ. ಮಾರ್ಚ್ ಮುಗಿಯುವ ಹೊತ್ತಿಗೆ ಲಾರಿಗಳು ಬಂದವು, ಹಕ್ಕಿಮೂತಿಯಂಥ ಮುಖವಾಡದ ಜನ ಬಂದರು, ಗುಡ್ಡ ಚೀಲ ಚೀಲವಾಗಿ ಗಡಿಯತ್ತ ಹೊರಟಿತು. ಗುಡ್ಡ ಕರಗುವುದನ್ನು ನೋಡಲು ಅಂಪಾರೊ ಮಗುವನ್ನು ಅಕ್ಕನ ಹತ್ತಿರ ಬಿಟ್ಟು ಬಂದಳು. ಅತ್ತೆಯ ಮುಂದೆ ನಿಂತು, "ಆ ತಮಾಲೆ ವಿಷ್ಯ ಒಂದ್ಮಾತು ಹೇಳ್ಬಾರ್ದಿತ್ತಾ?" ಅಂದಳು.

"ಹೇಳಿದ್ರೆ ನೀನು ಖುಷಿಯಾಗ್ತಿದ್ದೆ. ನಿನ್ ಖುಷಿ ಇಡೀ ಕೇರಿಗೆ ಕೇಳ್ಸುತ್ತೆ."

ಕೊನೆಯ ದಿನ ಬಾಲ್ದೊಮೇರೊ ಸಲಿಕೆ ಹಿಡಿದ. ಮುಖವಾಡ ಕೊಟ್ಟಿದ್ದರು, ಮೇಲಂಗಿ ಕೊಡಲಿಲ್ಲ. ಫಿದೆನ್ಸಿಯೊ ಇಷ್ಟು ವರ್ಷ ಹೇಗೆ ಮಾಡಿದ್ದನೋ ಹಾಗೆ. ಬಿಸಿಲು ಇಳಿಯುವ ಹೊತ್ತಿಗೆ ತಲೆಯಿಂದ ಬೂಟಿನವರೆಗೆ ಬೂದುಬಣ್ಣವಾಗಿ ಕಾರಿನ ಕಡೆ ಬಂದ. ಕಾರಿನ ಡಿಕ್ಕಿಯ ಮೇಲೆ ಅಜ್ಜಿ ಕೂತಿದ್ದಳು. ಅವನ ಶುಭ್ರ ಬಟ್ಟೆಯ ಚೀಲ ಅವಳ ತೊಡೆಯ ಕೆಳಗಿತ್ತು.

"ಬಟ್ಟೆ ಕೊಡಿ ದೋನ್ಯಾ ಕ್ರಿಸಾಂತಾ."

"ಯಾಕೆ? ಹಂಗೇ ಹೋಗು. ನನ್ ಮಗ ಹಂಗೇ ಬರ್ತಿದ್ದ. ನಿನ್ನ ಮಗಳಿಗೂ ಒಂದು ಮಗು ಇದೆ ಅಲ್ವಾ? ಬಾಗಿಲಲ್ಲೇ ಓಡಿ ಬರುತ್ತೆ, ಎತ್ಕೋ. ಮುದ್ದು ಮಾಡು. ಆಮೇಲೆ ಈ ಬಟ್ಟೆನೂ ಅದರ ಬಟ್ಟೆನೂ ಒಟ್ಟಿಗೆ ಒಗೆಯೋಕೆ ಹಾಕು."

ಬಾಲ್ದೊಮೇರೊನ ನಗು ಹೋಗಿತ್ತು. "ಬೇಡಿ. ಅವಳಿಗಿನ್ನೂ ಎರಡು ವರ್ಷ. ಇದು ಮೈಗೆ ಹೋದ್ರೆ ಏನಾಗುತ್ತೆ ಅಂತ ನಿಮ್ಗೆ ಗೊತ್ತಿಲ್ಲ."

"ನಂಗೆ ಗೊತ್ತಿಲ್ವಾ?" ಅಂದಳು ಅಜ್ಜಿ. "ಫಿದೆನ್ಸಿಯೊ, ಕಾರು ಕೀ ಕೊಡು ಇವನಿಗೆ. ಹೋಗ್ಲಿ. ಹಿಂಗೇ ಹೋಗ್ಲಿ."

ಸಲಿಕೆ ಕೊಡುವಾಗ ಇಸಿದುಕೊಂಡಿದ್ದ ಕೀಯನ್ನು ಫಿದೆನ್ಸಿಯೊ ಚಾಚಿದ. ಬಾಲ್ದೊಮೇರೊ ತೆಗೆದುಕೊಳ್ಳಲಿಲ್ಲ, ಮೊಣಕಾಲೂರಿ ಕೂತುಬಿಟ್ಟ. ಆಗ ಅಂಪಾರೊ ಬಂದು ಅತ್ತೆಯ ಕೆಳಗಿನ ಚೀಲಕ್ಕೆ ಕೈ ಹಾಕಿದಳು.

"ಬಿಡೇ!"

"ಆ ಮಗು ಏನ್ ಮಾಡಿದೆ ಅತ್ತೆ?"

"ನಮ್ಮಗು ಏನ್ ಮಾಡಿತ್ತು?"

"ಅದನ್ನೇ ನಾನೂ ಹೇಳ್ತಿರೋದು."

ಇಬ್ಬರೂ ಚೀಲವನ್ನು ಎಳೆದಾಡಿದರು. ಚೀಲ ಸೊಸೆಯ ಕೈಗೆ ಬಂತು. ಅಂಪಾರೊ ಬಾಲ್ದೊಮೇರೊಗೆ ಹೇಳಿದಳು, "ಇಲ್ಲೇ ಬಿಚ್ಚು. ಎಲ್ಲಾರ್ ಮುಂದೆ. ತಲೆಯಿಂದ ಕಾಲವರೆಗೆ ತೊಳ್ಕೊ. ಆಮೇಲೆ ಕೊಡ್ತೀನಿ."

ಅವನು ಬಿಚ್ಚಿದ. ನಡುಬೀದಿಯಲ್ಲಿ, ಚಡ್ಡಿಯಲ್ಲಿ, ನೀರಿನ ಲಾರಿಯ ಕೊಳವೆಯ ಕೆಳಗೆ ನಿಂತು ನಡುಗುತ್ತಾ ಮೈ ಉಜ್ಜಿದ. ಒಬ್ಬರೂ ನಗಲಿಲ್ಲ. ಅವನ ಬಟ್ಟೆಗಳು ಕಡೆಯ ಚೀಲ ಸೇರಿ ಲಾರಿ ಹತ್ತಿದವು.

ಆ ರಾತ್ರಿ ಅಜ್ಜಿ ಊಟಕ್ಕೆ ಏಳಲಿಲ್ಲ. "ನನ್ ಬಾಯಿಗೆ ಬಂದ ತುತ್ತು ಕಿತ್ಕೊಂಡೆ ನೀನು," ಅಂದಳು ಸೊಸೆಗೆ.

"ಕಿತ್ಕೊಂಡೆ. ಇನ್ನೊಂದ್ಸಲ ಆದ್ರೂ ಕಿತ್ಕೋತೀನಿ. ಸೂಪು ಬಿಸಿ ಮಾಡ್ಲಾ?"

"ಮಾಡು," ಅಂದಳು ಅಜ್ಜಿ.

ಮೀಲಾ ಮನೆಗೆ ಬಂದಳು. ಫಿದೆನ್ಸಿಯೊ ನೀರಿನ ಲಾರಿ ಓಡಿಸುವ ಕೆಲಸ ಹಿಡಿದ. ಮೇ ತಿಂಗಳಲ್ಲಿ ನರ್ಸು ಮತ್ತೆ ರಕ್ತ ತೆಗೆದು, "ಇಳೀತಿದೆ, ಚೆನ್ನಾಗಿ ಇಳೀತಿದೆ," ಅಂದಳು. ಅಂಪಾರೊ ಅತ್ತಳು. ಅಜ್ಜಿ ಕೇಳಿದಳು, "ಹೋಗಿರೋ ಮಾತು?"

ನರ್ಸು ಮಗುವಿನ ತಲೆ ನೇವರಿಸಿದಳು. "ಹೊಸದು ಕಲೀತಾಳೆ ಅಜ್ಜಿ. ಎಲ್ಲಾ ವಾಪಸ್ ಬರುತ್ತೆ ಅಂತ ಮಾತ್ರ ನಾನು ಸುಳ್ಳು ಹೇಳಲ್ಲ."

ಮಾರನೆಯ ಬೆಳಿಗ್ಗೆ ಅಜ್ಜಿ ಗ್ಲೌಸ್ ಏರಿಸಿ, ಬಕೆಟ್ ಹಿಡಿದು ಸಾಲಿಗೆ ಹೋದಳು. ಈ ಕಡೆ ಬಾಲ್ದೊಮೇರೊಗೆ ಇನ್ನೆರಡು ಗೋದಾಮುಗಳಿದ್ದವು, ಸಾಲು ಅವನಿಗೆ ತಪ್ಪಿದ್ದಲ್ಲ. ಅವಳನ್ನು ಕಂಡು ಅವನು ಗಾಜನ್ನು ಒಂದು ಬೆರಳಷ್ಟು ಇಳಿಸಿದ.

"ದೋನ್ಯಾ ಕ್ರಿಸಾಂತಾ, ಗುಡ್ಡ ಹೋಯ್ತಲ್ಲ. ಆವತ್ತು ನನ್ನೂ ಬಿಟ್ರಲ್ಲ."

ಅಜ್ಜಿ ಬಟ್ಟೆಯನ್ನು ಬೂದುನೀರಿನಲ್ಲಿ ಅದ್ದಿ, ಹಿಂಡದೆ, ಅವನ ಮುಖದ ಎದುರಿನ ಗಾಜಿಗೆ ಚಪ್ಪಟೆಯಾಗಿ ಒತ್ತಿದಳು.

"ಬಿಟ್ಟಿದ್ದು ನಿನ್ ಮೊಮ್ಮಗಳನ್ನ," ಅಂದಳು. "ನಿನ್ನನ್ನಲ್ಲ."